ಮುನ್ನೂರು ಅಡಿ ಬಾಕಿ

ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು:
ಸಮುದ್ರಮಟ್ಟದಿಂದ ನಿಮ್ಮ ಮನೆ ಎಷ್ಟು ಎತ್ತರ?
ನಾನು ಬರೆದೆ: ಇಳಿತದ ಹೊತ್ತಿಗೆ ಮೂರು ಮೆಟ್ಟಿಲು,
ಉಬ್ಬರದ ಹೊತ್ತಿಗೆ ಒಂದು.
ಐವನ್ ಮಿನೇಜಸ್ ಕನ್ನಡಕ ತೆಗೆದು ನಕ್ಕರು,
ಬ್ಯಾಂಕಿನಿಂದ ನಿವೃತ್ತರಾದವರು,
ನಗುವುದೂ ಸೀಲು ಒತ್ತಿದ ಹಾಗೆ, ಒಂದೇ ಸಲ.

ಹಿಮಾಲಯ, ಹದಿನಾಲ್ಕು ಸಾವಿರ ಅಡಿ, ಹನ್ನೊಂದು ದಿನ,
ಗೈಡು, ಟೆಂಟು, ಊಟ, ರೈಲಿನ ಸ್ಲೀಪರು ಸೇರಿ
ಹೊರಗಿನವರಿಗೆ ಹದಿನೆಂಟು ಸಾವಿರ.
ಉಡುಪಿ, ಮಂಗಳೂರಿನ ರೇಷನ್ ಕಾರ್ಡು ಇದ್ದರೆ ಒಂಬತ್ತೂವರೆ.
ಕಂತಿನಲ್ಲಿ ಕೊಡಬಹುದಾ ಎಂದೆ.
ಕೊಡಬಹುದು ಮಾರಾಯ್ತಿ, ಹತ್ತುವುದು ಮಾತ್ರ
ಕಂತಿನಲ್ಲಿ ಆಗುವುದಿಲ್ಲ ಎಂದರು.

ಮಲ್ಪೆ ದಕ್ಕೆಯ ಐಸ್ ಪ್ಲಾಂಟಿನಲ್ಲಿ ನನಗೆ ಹತ್ತೊಂಬತ್ತನೆಯ ವರ್ಷ.
ಬ್ಲಾಕು ಜಾರಿಸುವುದು, ಕ್ರಷರಿಗೆ ಕೊಡುವುದು,
ಬೋಟಿನ ಹೊಟ್ಟೆ ತುಂಬಿತೆಂದು ಕೂಗುವುದು.
ಚಳಿ ಎಂದರೆ ನನಗೆ ಬೆಳಿಗ್ಗೆ ನಾಲ್ಕರಿಂದ ಹನ್ನೆರಡು.
ಜೂನಿನಲ್ಲಿ ಬೋಟುಗಳು ನಿಲ್ಲುತ್ತವೆ, ಐಸೂ ನಿಲ್ಲುತ್ತದೆ.
ಆಗ ಹೋದದ್ದು.

"ದಾಯೆಗ್ ಈ ಮರ್ಲ್?" ಎಂದಳು ವಾರಿಜಕ್ಕ,
ಇಲ್ಲಿ ನೋಡಿದ ಐಸು ಸಾಲದಾ?
ಸಾಲದು ಎನ್ನಲಿಲ್ಲ ನಾನು.
ನನಗೆ ನೋಡಬೇಕಿದ್ದದ್ದು
ಕರೆಂಟು ಹೋದರೂ ಕರಗದ್ದು,
ಯಾರೂ ಲೆಕ್ಕ ಬರೆಯದ್ದು.

ಮೇ ಇಡೀ, ಮಗನ ಹಳೆ ಶಾಲೆಬ್ಯಾಗಿನಲ್ಲಿ
ಹತ್ತು ಕಿಲೋ ಕಲ್ಲುಪ್ಪು ಹೊತ್ತು
ಮಲ್ಪೆಯಿಂದ ಪಡುಕರೆಗೆ, ಪಡುಕರೆಯಿಂದ ಮಲ್ಪೆಗೆ,
ಹೊಯಿಗೆಯಲ್ಲೇ.
ಬಲೆ ಹೊಲಿಯುವವರು ತಲೆ ಎತ್ತಿ ಕೇಳುತ್ತಿದ್ದರು,
ಇವತ್ತು ಉಪ್ಪಿಗೆ ಎಷ್ಟು ರೇಟು?
ಬೆವರಿಗೆ ಬ್ಯಾಗು ನೆನೆದು
ಬೆನ್ನಿನ ಮೇಲೆ ಬಿಳಿ ಗೆರೆ ಮೂಡುತ್ತಿತ್ತು,
ನನ್ನದೋ, ಸಮುದ್ರದ್ದೋ.

ಮೇಲೆ ಎಲ್ಲ ಸರಿಯೇ ಇತ್ತು.
ಮಣಿಪಾಲದ ಹುಡುಗರು ಗ್ಲೌಸಿನೊಳಗೂ ನಡುಗುವಾಗ
ನಾನು ಬರಿಗೈಯಲ್ಲಿ ಟೆಂಟಿನ ಹಗ್ಗ ಬಿಚ್ಚಿದೆ.
ಗೈಡು ಪಲ್ಮೊ, ನನ್ನ ಮಗನ ಪ್ರಾಯದ ಹುಡುಗಿ,
ನನ್ನ ಅಂಗೈ ತಿರುಗಿಸಿ ನೋಡಿದಳು:
ಇಷ್ಟು ಗಡಸು ಎಲ್ಲಿಯದು?
ಸಮುದ್ರದ್ದು ಎಂದೆ. ನಂಬಲಿಲ್ಲ.

ಕೈಗೆ ಗೊತ್ತಿದ್ದದ್ದು ಎದೆಗೆ ಗೊತ್ತಿರಲಿಲ್ಲ.
ಬೆರಳಿಗೆ ಸಿಕ್ಕಿಸಿದ ಚಿಮಟ
ಎಪ್ಪತ್ತೊಂದು ಎಂದಿತು.
ಪಲ್ಮೊ ತಲೆಯಾಡಿಸಿದಳು.
ಮುನ್ನೂರು ಅಡಿ ಮೇಲೆ ಬಣ್ಣದ ಬಟ್ಟೆತುಂಡುಗಳು
ಪಟಪಟ ಹಾರುತ್ತಿದ್ದವು,
ಎದುರು ನಿಂತ ಬೋಟಿನ ಬಾವುಟದಷ್ಟು ಹತ್ತಿರ.
ರೇಷನ್ ಕಾರ್ಡು ತೋರಿಸಿದರೂ
ಬೆಟ್ಟ ರಿಯಾಯಿತಿ ಕೊಡುವುದಿಲ್ಲ.

ಇಳಿಯುವ ಮೊದಲು ಒಂದು ತುಂಡು ಮುರಿದು
ಮೂಗಿಗೆ ಹಿಡಿದೆ, ಹಳೆ ಅಭ್ಯಾಸ.
ಅಮೋನಿಯಾ ಇಲ್ಲ. ಮೀನಿಲ್ಲ. ತುಕ್ಕಿಲ್ಲ.
ಏನೂ ಇಲ್ಲದ್ದನ್ನು ಅಷ್ಟು ಹೊತ್ತು ಮೂಸಿದ್ದು
ನನ್ನ ಆಯುಷ್ಯದಲ್ಲಿ ಅದೇ ಮೊದಲು.
ಬಾಯಿಗಿಟ್ಟೆ. ಹಲ್ಲು ಜುಮ್ಮೆಂದಿತು.
ಪಲ್ಮೊ ಬೈದಳು.

ಆಗಸ್ಟಿನಲ್ಲಿ ಮತ್ತೆ ಪ್ಲಾಂಟು.
ವಾರಿಜಕ್ಕ ಕೇಳಿದಳು, ಹತ್ತಿದೆಯಾ?
ಮುನ್ನೂರು ಅಡಿ ಬಾಕಿ ಉಂಟು ಎಂದೆ,
ಅಂಗಡಿ ಬಾಕಿ ಹೇಳುವ ಹಾಗೆ, ನಾಚಿಕೆಯಿಲ್ಲದೆ.
ಮಿನೇಜಸ್ ಹೇಳಿದ್ದು ತಪ್ಪು.

ಹೊತ್ತ ಉಪ್ಪಿನಲ್ಲಿ ಆರು ಕಿಲೋ
ನೀರುಮಾವಿನಕಾಯಿಯ ಭರಣಿಗೆ ಹೋಯಿತು.
ಉಳಿದದ್ದು ಬ್ಯಾಗಿನಲ್ಲೇ, ಮೊಳೆಗೆ.
ಗಾಳಿಯ ತೇವಕ್ಕೆ ಅಡಿಯಲ್ಲಿ ಹನಿ ಕೂತು
ದಿನಕ್ಕೆ ಒಂದೋ ಎರಡೋ
ಸಿಮೆಂಟು ನೆಲಕ್ಕೆ.