ಹತ್ತೊಂಬತ್ತು ಓಟು

ಬಾ ಪ್ರಮೀಳಾ, ಒಳಗೆ ಬಾ,
ಗೆದ್ದವಳು ಹೊಸಿಲಲ್ಲಿ ನಿಲ್ಲಬಾರದು.
ಹಾರದ ಚೆಂಡುಹೂವಿನ ಎಸಳೊಂದು ಇನ್ನೂ ಜಡೆಯಲ್ಲಿದೆ,
ಇರಲಿ, ತೆಗೀಬೇಡ.
ಮೆಂಬರಿಗೆ ಮೆಂಬರು ವಹಿಸಿಕೊಡೋದಕ್ಕೆ
ಬೀಗದ ಕೈ ಇಲ್ಲ, ಕಡತ ಇಲ್ಲ, ರುಜು ಹಾಕೋ ರಿಜಿಸ್ಟರೂ ಇಲ್ಲ.
ಕಾಫಿ ಕುಡಿ. ಬಾಯಲ್ಲೇ ಹೇಳಿಬಿಡ್ತೀನಿ.

ಮಸೀದಿ ಹಿಂದಿನ ಮೂರನೇ ಅಡ್ಡರಸ್ತೆಯ ವಾಲ್ವು
ಬೇರೆ ವಾಲ್ವುಗಳ ಹಾಗಲ್ಲ, ಎಡಕ್ಕೆ ತಿರುವಿದರೆ ಮುಚ್ಚಿಕೊಳ್ಳುತ್ತೆ.
ನೀರುಗಂಟಿ ಜವರಪ್ಪನೊಬ್ಬನಿಗೇ ಅದು ಗೊತ್ತು.
ಅವನು ರಜೆ ಹಾಕಿದ ದಿನ
ಗೊರೂರಿನಿಂದ ಹಾಸನದವರೆಗೂ ಏರಿ ಬಂದ ಹೇಮಾವತಿ
ಆ ಬೀದಿಯ ಬಾಯಲ್ಲಿ ನಿಂತು ವಾಪಸ್ ಹೋಗ್ತಾಳೆ.
ಕೊಡಗಳೆಲ್ಲ ನಿನ್ನ ಗೇಟಿಗೆ ಬರ್ತಾವೆ.

ಸಭೆಗೆ ನಿನ್ನ ಯಜಮಾನರನ್ನ ಕರಕೊಂಡು ಹೋಗಬೇಡ.
ನಮ್ಮವರು ಹಿಂದಿನ ಸಾಲಲ್ಲಿ ಕೂತು ಕೆಮ್ಮುತ್ತಿದ್ದರು,
ಒಂದು ಕೆಮ್ಮಿಗೆ ಹೂಂ, ಎರಡು ಕೆಮ್ಮಿಗೆ ಊಹೂಂ.
ಎರಡು ವರ್ಷ ಹಾಗೇ ಕೈ ಎತ್ತಿದೆ.
ಒಂದು ಸಲ ಅವರಿಗೆ ನಿಜವಾಗಲೂ ನೆಗಡಿಯಾಗಿ
ನಾನು ಎತ್ತೋದು, ಇಳಿಸೋದು, ಎತ್ತೋದು...
ಸಂತೆ ಸುಂಕದ ಹರಾಜೇ ಬಿದ್ದುಹೋಯಿತು.
ಆಮೇಲೆ ಮನೇಲೇ ಬಿಟ್ಟು ಹೋದೆ.

ಕೋಳಿ ಸಾಕಿರೋ ಚೌಡಯ್ಯ ಬೀದಿದೀಪ ಬೇಡ ಅಂತಾನೆ,
ಆ ಬಿಳೀ ಬೆಳಕಿಗೆ ಹುಂಜ ಒಂದೂವರೆಗೇ ಕೂಗುತ್ತಂತೆ.
ಎದುರುಮನೆ ನರ್ಸಮ್ಮ ಬೇಕು ಅಂತಾಳೆ,
ಪಾಳಿ ಮುಗಿಸಿ ಕತ್ತಲಲ್ಲಿ ಬರೋಳು.
ಇಬ್ಬರೂ ಸರಿ.
ಲೈನ್‌ಮನ್ನನ್ನ ಹತ್ತಿಸಿ ದೀಪದ ಮುಖ ಒಂದು ಗೇಣು ಓರೆ ಮಾಡಿಸಿದೆ.
ಮೂರು ಓಟು ಬಂತು, ನಾಲ್ಕು ಹೋಯಿತು.
ಹುಂಜ ಈಗಲೂ ಕೂಗುತ್ತೆ.

ದೀಪಾವಳಿಗೆ ಗುತ್ತಿಗೆದಾರ ಮೈಸೂರುಪಾಕಿನ ಡಬ್ಬಿ ತರ್ತಾನೆ.
ಕೈಗೆ ಬಂದ ಕೂಡಲೇ ಗೊತ್ತಾಗುತ್ತೆ,
ಮೈಸೂರುಪಾಕು ಅಷ್ಟು ಹಗುರ ಇರಲ್ಲ.
ವಾಪಸ್ ಕೊಟ್ಟೆ ಅಂತ ಊರೆಲ್ಲ ಹೇಳಿಕೊಂಡಿದೀನಿ.
ಮೊದಲನೇ ವರ್ಷದ್ದು ಕೊಡಲಿಲ್ಲ.

ಬೆಳಗಿನ ಐದೂವರೆಗೆ ಪುಟ್ಟನಂಜಿ ಗುಡಿಸೋಕೆ ಬರ್ತಾಳೆ.
ಕೈಗವಸು, ಬೂಟು, ಬಾಕಿ ಸಂಬಳ,
ಇವಕ್ಕೆಲ್ಲ ಠರಾವು ಮಾಡಿಸಬಹುದು, ಮಾಡಿಸಿದೀನಿ.
ಅವಳು ನೀರು ಕೇಳಿದರೆ ನಮ್ಮ ಬೀದಿಯವರು
ಬಿಸಾಡೋ ಲೋಟ ಹುಡುಕ್ತಾರಲ್ಲ,
ಅದು ಯಾವ ಅಜೆಂಡಾದಲ್ಲೂ ಬರಲ್ಲ.
ನಮ್ಮ ಮನೇಲೂ ಒಂದಿತ್ತು. ಕಿಟಕಿ ಮೇಲೆ.

ಹತ್ತೊಂಬತ್ತು ಓಟು.
ಜಾತಿ ಅಂದರು, ದುಡ್ಡು ಅಂದರು, ಹೊಸ ಮುಖ ಅಂದರು.
ನಾನು ಬೂತಿನ ಪಟ್ಟಿ ಹಿಡಕೊಂಡು ಬೆರಳಲ್ಲಿ ಎಣಿಸಿದೆ.
ಹತ್ತು ಜನ ಈ ಕಡೆಯಿಂದ ಆ ಕಡೆ ಹೋದರೆ ಸಾಕು.
ಗರಾಜಿನ ಮುನೀರ್ ಸಾಬರ ವಠಾರದಲ್ಲಿ ಸರಿಯಾಗಿ ಹತ್ತು.

ಅವರ ಮನೆ ಮುಂದಿನ ಚರಂಡಿಗೆ ಚಪ್ಪಡಿ ಇರಲಿಲ್ಲ.
ವಿಷಯ ಸಂಖ್ಯೆ ಹದಿನಾಲ್ಕು. ಸರ್ವಾನುಮತದ ಒಪ್ಪಿಗೆ.
ಅಂದಾಜುಪಟ್ಟಿ. ಟೆಂಡರು. ಮರುಟೆಂಡರು.
ಮೊಮ್ಮಗಳು ಶಮೀಮ ಟ್ಯೂಷನ್ ಮುಗಿಸಿ ಬರುವಾಗ ಕರೆಂಟು ಹೋಗಿತ್ತು.
ಮೊಣಕಾಲ ಕೆಳಗೆ ಎರಡು ಕಡೆ ಮುರಿದಿತ್ತು.
ಹಣ್ಣು ತಗೊಂಡು ಆಸ್ಪತ್ರೆಗೆ ಹೋದೆ.
ಮುನೀರ್ ಸಾಬರು ಕುರ್ಚಿ ಎಳೆದು ಹಾಕಿದರು, ಟೀ ತರಿಸಿದರು,
ನಿಮ್ಮ ಮಗನ ಓದು ಹೇಗೆ ನಡೀತಿದೆ ಅಂದರು.
ಚರಂಡಿ ಅನ್ನೋ ಮಾತೇ ಎತ್ತಲಿಲ್ಲ.
ಎಣಿಕೆ ದಿನ ಅಲ್ಲ ಕಣೆ,
ಆ ಟೀ ಕುಡಿಯುವಾಗಲೇ ಸೋತಿದ್ದೆ ನಾನು.

ಚಪ್ಪಡಿ ಆಮೇಲೆ ಬಂತು.
ಒಂದು ಮೂಲೆ ಸರಿಯಾಗಿ ಕೂತಿಲ್ಲ.
ಸ್ಕೂಟರು ಹೋದರೆ ಡಬ್ ಅನ್ನುತ್ತೆ,
ರಾತ್ರಿ ನನ್ನ ಹಾಸಿಗೆವರೆಗೂ ಕೇಳುತ್ತೆ.
ಒಂದು ಬಾಂಡ್ಲಿ ಸಿಮೆಂಟಿನ ಕೆಲಸ.
ನಾಳೆನೇ ಹಾಕಿಸಿಬಿಡು.

ಬೇಡ, ಒಂದು ತಿಂಗಳು ಹಾಗೇ ಇರಲಿ.
ನಿನ್ನ ಮನೆಯೂ ಅದೇ ಬೀದಿ ತಾನೇ.