ಸಮ

ಮೂಗು ಕೆಳಗೆ ಹಾಕಿ ನಿಲ್ಲುತ್ತದೆ ನನ್ನ ಪಿಕಪ್,
ಅಂಗಳದಲ್ಲಿ ಬಿದ್ದ ಮೂಗುತಿ ಹುಡುಕುವವಳ ಹಾಗೆ.
ಜೂನ್ ತಿಂಗಳು. ಮಲ್ಪೆ ದಕ್ಕೆಯಲ್ಲಿ ಬೋಟುಗಳು
ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ರಜೆಯಲ್ಲಿವೆ.
ಮೀನಿಲ್ಲ, ಐಸಿಲ್ಲ, ಬಾಡಿಗೆಯಿಲ್ಲ.
ಖಾಲಿ ಗಾಡಿಯನ್ನು ದಿನಾ ನೋಡಿದರೆ
ಕಾಣುವುದು ಅದರ ಐಬು ಮಾತ್ರ.

ಉದ್ಯಾವರದಲ್ಲಿ, ಹೈವೇ ಬದಿ,
ಹಂಚಿನ ಕಾರ್ಖಾನೆಯ ಹಳೇ ಗೋಡೆಗೆ ತಗಡು ಇಳಿಸಿದ್ದೇ
ಪುತ್ತುಮೋನಾಕನ ಗ್ಯಾರೇಜು.
ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ ಟೇಪು ಹಿಡಿದ.
ಮುಂದೆ ಹತ್ತೊಂಬತ್ತು ಇಂಚು, ಹಿಂದೆ ಇಪ್ಪತ್ತೊಂದು.
ಅಂಗೈ ಮೇಲೆ ಬರೆದುಕೊಂಡು ಹೇಳಿದ:
"ಎಂತ ಮಾರಾಯ್ತಿ, ಇದು ಐಬಲ್ಲ.
ಹೊರೆ ಬಂದಾಗ ಸಮ ಆಗ್ಲಿಕ್ಕೆ
ಕಂಪನಿಯವನೇ ಓರೆ ಮಾಡಿ ಕೊಟ್ಟದ್ದು."

ನನಗೆ ಈಗ ಸಮ ಬೇಕು, ಎಂದೆ.
ಸೊಸೈಟಿಯಲ್ಲಿ ಇನ್ನೂ ಹನ್ನೊಂದು ಕಂತು ಉಂಟು.
ತಲೆ ತಗ್ಗಿಸಿ ನಿಂತದ್ದಕ್ಕೆ ದುಡ್ಡು ಕಟ್ಟುವುದು ಹೇಗೆ?

ಅವ ಮತ್ತೆ ಮಾತಾಡಲಿಲ್ಲ. ಜ್ಯಾಕು ಏರಿತು.
ಚಕ್ರ ಕಳಚಿ ಒರಗಿಸಿದ ಹುಡುಗ ಸಾಬಿತ್
ಬೋಲ್ಟಿಗೆ ಡೀಸೆಲ್ ಹನಿಸಿ ಕಾದ.
ನಾಲ್ಕು ವರ್ಷದ ಮೀನುನೀರು ತಿಂದ ಬೋಲ್ಟು,
ಕೊನೆಗೊಮ್ಮೆ ಕೀರಲು ಕೂಗಿ ಬಿಟ್ಟುಕೊಟ್ಟಿತು.
ಸುರುಳಿ ಸ್ಪ್ರಿಂಗನ್ನು ಎರಡು ಕೊಕ್ಕೆಯಲ್ಲಿ ಹಿಡಿದು
ತಿರುಪು ತಿರುಪಾಗಿ ಬಿಗಿಯುವಾಗ
ನನ್ನನ್ನು ಬದಿಗೆ ಸರಿಸಿದ:
"ಅದುಮಿಟ್ಟದ್ದರ ಎದುರು ನಿಲ್ಲಬಾರದು."
ಅವನ ಮುಂದಿನ ಎರಡು ಹಲ್ಲು ಎಲ್ಲಿ ಹೋದವೆಂದು
ಆಗ ಗೊತ್ತಾಯಿತು ನನಗೆ.

ಎರಡಿಂಚಿನ ಸ್ಪೇಸರ್, ಕಪ್ಪು, ದೋಸೆಕಲ್ಲಿನ ತೂಕ.
ಸಂಜೆಗೆ ಗಾಡಿ ಇಳಿಯಿತು.
ಡ್ಯಾಶ್‌ಬೋರ್ಡಿನ ಬಾಟಲಿಯಲ್ಲಿ
ನೀರು ಗೆರೆ ಎಳೆದ ಹಾಗೆ ನಿಂತಿತು.
ಮನೆಯವರೆಗೂ ಆಗಾಗ ಅದನ್ನೇ ನೋಡಿದೆ.

ಆಗಸ್ಟಿನ ಮೊದಲ ಲೋಡು:
ಇಪ್ಪತ್ತೆರಡು ಬಾಕ್ಸು ಬಂಗುಡೆ, ಮೇಲೆ ಪುಡಿ ಐಸು.
ಹಿಂದಿನ ಪಟ್ಟಿಗಳು ನರಳಿ ಕೂತವು,
ಮೂಗು ಎದ್ದಿತು, ಹೊಸತಾಗಿ ದುಡ್ಡು ಕಂಡವರ ಹಾಗೆ.
ಬೆಳಗಿನ ಜಾವ ನಾಲ್ಕೂವರೆ. ನನ್ನ ಹೆಡ್‌ಲೈಟು
ರಸ್ತೆಯನ್ನು ಬಿಟ್ಟು ತೆಂಗಿನ ಗೊನೆ ಎಣಿಸುತ್ತಿತ್ತು.
ಎದುರು ಬಂದ ಎಕ್ಸ್‌ಪ್ರೆಸ್ಸಿನವ
ಲೈಟು ಮಿಟುಕಿಸಿ, ಮಿಟುಕಿಸಿ,
ಕಿಟಕಿಯಿಂದ ನನ್ನ ಅಜ್ಜಿಯವರೆಗೂ ಬೈದು ಹೋದ.

ಪುತ್ತುಮೋನಾಕ ನಗಲಿಲ್ಲ. ಅದೇ ದೊಡ್ಡ ಉಪಕಾರ.
ಎರಡಿಂಚು ತೆಗೆದು ಒಂದಿಂಚು ಹಾಕಿದ.
ಗೋಡೆಗೆ ಲೈಟು ಬಿಟ್ಟು, ಚಾಕ್‌ಪೀಸಿನಲ್ಲಿ ಗೆರೆ ಹೊಡೆದು,
ಬೆಳಕಿನ ಗಲ್ಲ ಹಿಡಿದು ಕೆಳಗಿಳಿಸಿದ.
"ಖಾಲಿ ಇದ್ದರೆ ಚೂರು ತಗ್ಗು, ತುಂಬಿದರೆ ಚೂರು ಎತ್ತರ.
ಇಷ್ಟರಲ್ಲಿ ಸುಧಾರಿಸು."
ಕೂಲಿ ಬೇಡವಂತೆ. ಒಂದು ಕಿಲೋ ಕೊಡ್ಡಾಯಿ ಸಾಕು,
ಸಾಬಿತನ ಉಮ್ಮನಿಗೆ.

ಈಗ ದಿನಾ ಹೀಗೆ:
ಮಲ್ಪೆ ಬಿಡುವಾಗ ಎದೆ ಸೆಟೆದಿರುತ್ತದೆ.
ಕಟಪಾಡಿಯಲ್ಲಿ ಮೂರು ಬಾಕ್ಸು ಇಳಿದು
ಕಾಪುವಿನಲ್ಲಿ ನಾಲ್ಕು, ಚೌಕಾಶಿಯ ನಂತರ ಇನ್ನೊಂದು.
ಪಡುಬಿದ್ರಿಯಲ್ಲಿ ಸುಂದರಿಯಕ್ಕ
ತನ್ನ ಐದನ್ನು ತಾನೇ ಎಳೆದುಕೊಳ್ಳುತ್ತಾಳೆ.
ಅಲ್ಲಿಂದ ಮುಂದೆ ಹೆಜಮಾಡಿ ಟೋಲ್ ದಾಟಿ
ಮುಲ್ಕಿ ಸೇತುವೆಯವರೆಗೆ, ಹೆಚ್ಚೆಂದರೆ ಹತ್ತು ನಿಮಿಷ,
ಬಾಟಲಿಯ ನೀರು ನೆಟ್ಟಗೆ ನಿಲ್ಲುತ್ತದೆ.

ರೇಡಿಯೋ ಆರಿಸುತ್ತೇನೆ.
ಹಿಂದೆ ಐಸು ಕರಗಿ ರಸ್ತೆಗೆ ತೊಟ್ಟಿಕ್ಕುವುದು ಕೇಳುತ್ತದೆ.
ಮುಲ್ಕಿಯಲ್ಲಿ ಆರು ಬಾಕ್ಸು ಇಳಿಸಬೇಕು.