ಹನ್ನೊಂದನೇ ಸಾಲು

ಎರಡನೇ ಆದಿತ್ಯವಾರ, ವಿಜಯಪುರ, ಬೈಂಡಿಂಗ್ ಅಂಗಡಿಯ ಅಟ್ಟ.
ಅಂಟಿನ ಡಬ್ಬಿ ಸರಿಸಿ ಆರು ಮಂದಿ ಕೂತೆವು,
ಏಳನೇ ಕುರ್ಚಿಯಲ್ಲಿ ಚುರಮುರಿ ಪೊಟ್ಟಣ.

ಇದು ಇನ್ನೂ ಮುಗಿದಿಲ್ಲ, ಅಂದೆ.
ಮೂರು ಸಲ ಅಂದೆ.
"ಮುಗದಿದ್ರ ಇಲ್ಲಿಗ್ಯಾಕ ತರ್ತಿದ್ದಿ, ಓದಪಾ"
ರೇವಮ್ಮ ಟೀಚರು.

ಹತ್ತು ಸಾಲಿನ ತನಕ ಫ್ಯಾನಿನದಷ್ಟೇ ಸದ್ದು.
ಹನ್ನೊಂದನೆಯದು:
ಅವ್ವನ ಅಂಗೈ ತುಂಬ ಬೆಳದಿಂಗಳು.
ವಾಹ್, ಅಂದರು ಇನಾಮದಾರ ವಕೀಲರು.
ನನಗೂ ಹಾಗೇ ಅನಿಸಿತ್ತು, ಬರೆದ ರಾತ್ರಿ.

ದಸ್ತಗೀರಸಾಬರು, ಅಂಗಡಿ ಅವರದೇ,
ಬರೆಯುವವರಲ್ಲ, ಬರೀ ಕೇಳುವವರು,
ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತದೆ:
"ನಿಮ್ಮವ್ವ ತಿಕೋಟಾದಾಗ ಒಣದ್ರಾಕ್ಷಿ ಶೆಡ್ಡಿಗೆ ಹೋಗ್ತಾರಲ್ಲ?"
ಹೌದ್ರಿ.
"ನಮ್ಮಾಕೀನೂ ಹೋಗ್ತಿದ್ಲು.
ಆ ಕೈಗೆ ಬೆಳದಿಂಗಳು ಹತ್ತೂದಿಲ್ಲ ತಮ್ಮಾ.
ಗಂಧಕದ ವಾಸನಿ ಹತ್ತತೈತಿ.
ಜೇನ್ನೊಣ ಹತ್ತತಾವ."

ಯಾರೂ ನಗಲಿಲ್ಲ. ಟೀಚರು ಕನ್ನಡಕ ಒರೆಸಿದರು.
ಗೀಟು ಹೊಡೆಯಲೆಂದು ಪೆನ್ನು ಬೇಡಿದೆ,
ಹೊಡೆಯಲಿಲ್ಲ. ಚಾ ಬಂತು.
ವಕೀಲರು ತಮ್ಮ ಹನಿಗವನದ ಕಟ್ಟು ಬಿಚ್ಚಿದರು.

ಕೊನೆಯ ಬಸ್ಸು. ಕಿಟಕಿಯಾಚೆ
ಖರೇ ಬೆಳದಿಂಗಳೇ ಬಿದ್ದಿತ್ತು,
ದ್ರಾಕ್ಷಿ ಪಡದ ತಂತಿಗಳ ಮೇಲೆ, ಶೆಡ್ಡಿನ ಹಸಿರು ಪರದೆಯ ಮೇಲೆ,
ಯಾರೂ ಕರೆಯದೆ.
ನನಗೆ ಸಿಟ್ಟು ಬಂತು.

ಅವ್ವ ಬಚ್ಚಲಲ್ಲಿದ್ದಳು, ಬೂದಿ ಹಚ್ಚಿ ಕೈ ತಿಕ್ಕುತ್ತ.
"ಏನಂದ್ರಪಾ ನಿಮ್ಮ ಮಂದಿ?"
"ಒಂದು ಸಾಲು ಅಂಟಿಲ್ಲ ಅಂದ್ರು."
"ಪುಣ್ಯಾ ಮಾಡೀದಿ," ಅಂದಳು,
ಮೊಣಕೈ ತನಕ ನೀರು ಸುರುವಿಕೊಂಡು,
ಮತ್ತೆ ತಿಕ್ಕತೊಡಗಿದಳು.